ಸಲಹೆಗಾರನ ಸಂಪರ್ಕ, ಮಂತ್ರಿಯ ಹೊಣೆ

ಮಂತ್ರಿಯನ್ನು ನೇರವಾಗಿ ಕಾಣಲಾಗದವರು ಅವರ ಸಲಹೆಗಾರನನ್ನು ಹಿಡಿಯುತ್ತಾರೆ. ಸಲಹೆಗಾರ ಸಾಮಾನ್ಯವಾಗಿ ಚುನಾವಣೆ ಗೆದ್ದವನಲ್ಲ, ಪರೀಕ್ಷೆ ಬರೆದು ಬಂದ ಅಧಿಕಾರಿಯೂ ಅಲ್ಲ. ಆದರೂ ಮಂತ್ರಿಯ ಮನಸ್ಸು ಎತ್ತ ವಾಲುತ್ತಿದೆಯೆಂದು ಅವನಿಗೆ ಮೊದಲೇ ತಿಳಿದಿರುತ್ತದೆ. ಹಣ ಹೂಡಿದವರಿಗೆ ಬೇಕಾದದ್ದು ಆ ಸುಳಿವೇ.

ಬ್ರಿಟನ್ನಿನಲ್ಲಿ ಇದು ಬಯಲಾದ ಬಗೆಯನ್ನು ನೋಡಿ. ರೂಪರ್ಟ್ ಮರ್ಡಾಕ್ ಅವರ ನ್ಯೂಸ್ ಕಾರ್ಪೊರೇಷನ್, ತನ್ನ ಬಳಿ ಶೇ 39ರಷ್ಟು ಷೇರಿದ್ದ ಬಿಸ್ಕೈಬಿ ಟಿ.ವಿ. ಸಂಸ್ಥೆಯನ್ನು ಪೂರ್ತಿ ಕೊಳ್ಳಲು 2010ರಲ್ಲಿ ಮುಂದಾಯಿತು. ತೀರ್ಮಾನದ ಅಧಿಕಾರ ಡಿಸೆಂಬರಿನಲ್ಲಿ ಸಂಸ್ಕೃತಿ ಸಚಿವ ಜೆರೆಮಿ ಹಂಟ್ ಅವರಿಗೆ ಬಂತು. ನ್ಯಾಯಾಧೀಶರಂತೆ ಕೂತು ತೂಗಬೇಕಾದ ವಿಷಯ ಅದು. ಆದರೆ ಅವರ ಸಲಹೆಗಾರ ಆ್ಯಡಂ ಸ್ಮಿತ್ ಮತ್ತು ಕಂಪನಿಯ ಪರ ಲಾಬಿ ಮಾಡುತ್ತಿದ್ದ ಫ್ರೆಡೆರಿಕ್ ಮಿಷೆಲ್ ನಡುವೆ ಮೆಸೇಜು, ಇಮೇಲು, ಕರೆಗಳು ಎಡೆಬಿಡದೆ ಹರಿದಾಡಿದವು. ಮರ್ಡಾಕ್ ಒಡೆತನದ ಪತ್ರಿಕೆಯ ಫೋನ್ ಕದ್ದಾಲಿಕೆ ಹಗರಣದಿಂದ 2011ರ ಜುಲೈನಲ್ಲಿ ಖರೀದಿಯೇ ಬಿದ್ದುಹೋಯಿತು. ಆ ಹಗರಣದ ಬಳಿಕ ಸರ್ಕಾರ ನೇಮಿಸಿದ್ದ ಲೆವಿಸನ್ ವಿಚಾರಣೆಯಲ್ಲಿ 2012ರ ಏಪ್ರಿಲ್ 24ರಂದು ಈ ಇಮೇಲುಗಳು ಹೊರಬಿದ್ದವು. ಮರುದಿನವೇ ಸ್ಮಿತ್ ರಾಜೀನಾಮೆ ಕೊಟ್ಟರು. ಹಂಟ್ ಸೆಪ್ಟೆಂಬರಿನಲ್ಲಿ ಆರೋಗ್ಯ ಸಚಿವರಾದರು. ಸಚಿವರು ಪಕ್ಷಪಾತ ಮಾಡಿದ್ದಕ್ಕೆ ಪುರಾವೆಯಿಲ್ಲ, ಆದರೆ ಆ ಗುಪ್ತ ಸಂಪರ್ಕ ಗಂಭೀರ ಲೋಪ ಎಂಬುದು ಲೆವಿಸನ್ ವರದಿಯ ಸಾರ.

ನಿಯಮ ಇರಲಿಲ್ಲವೆಂದಲ್ಲ. ಬ್ರಿಟನ್ನಿನ 2010ರ ಕಾಯ್ದೆಯೊಂದು ಸಲಹೆಗಾರರಿಗೆ ನೀತಿಸಂಹಿತೆ ಇರಬೇಕೆಂದು ವಿಧಿಸಿದೆ. ಅವರ ನಡತೆಗೆ ನೇಮಿಸಿದ ಮಂತ್ರಿಯೇ ಹೊಣೆ ಎಂದು ಮಂತ್ರಿಗಳ ಸಂಹಿತೆ ಹೇಳುತ್ತದೆ. ಹೊಣೆ ಕಾಗದದಲ್ಲಿ ಮಂತ್ರಿಯದು, ಕುರ್ಚಿ ಹೋದದ್ದು ಮಾತ್ರ ಸಲಹೆಗಾರನದು. ಇದನ್ನು ನಾನು ನ್ಯಾಯವೆಂದು ಒಪ್ಪಲಾರೆ.

ಹಾಗಾದರೆ ಹೊರಗಿನವರ ಸಂಪರ್ಕವನ್ನೇ ನಿಷೇಧಿಸೋಣವೇ? ಬೇಡ. ಯಾರ ಮಾತನ್ನೂ ಕೇಳದ ಸಲಹೆಗಾರ ಕೊಡುವ ಸಲಹೆಗೆ ಬೆಲೆಯೇನು? ನಿಷೇಧ ಹೇರಿದರೆ ದೊಡ್ಡ ಕಂಪನಿಗಳು ಹಿಂಬಾಗಿಲು ಹುಡುಕಿಕೊಳ್ಳುತ್ತವೆ. ಹೊರಗುಳಿಯುವುದು ರೈತ ಸಂಘ, ಕಾರ್ಮಿಕ ಸಂಘದಂಥವು. ಬೇಕಾದದ್ದು ದಾಖಲೆ. ಸಲಹೆಗಾರರು ಮಾಧ್ಯಮದ ಮಾಲೀಕರು, ಸಂಪಾದಕರನ್ನು ಭೇಟಿಯಾದ ಪಟ್ಟಿಯನ್ನು ಬ್ರಿಟನ್ನಿನಲ್ಲಿ ಮೂರು ತಿಂಗಳಿಗೊಮ್ಮೆ ಪ್ರಕಟಿಸುವ ಪದ್ಧತಿಯಿದೆ. ಆದರೆ ಸ್ಮಿತ್ ಪ್ರಕರಣದ ಬಹುಪಾಲು ನಡೆದದ್ದು ಫೋನಿನಲ್ಲಿ. ಬರೀ ಭೇಟಿಯನ್ನು ಲೆಕ್ಕಕ್ಕೆ ಹಿಡಿಯುವ ನಿಯಮ ಅರ್ಧ ನಿಯಮ.

ನಮ್ಮ ರಾಜ್ಯದಲ್ಲೂ ಮುಖ್ಯಮಂತ್ರಿಗೆ ಸಂಪುಟ ದರ್ಜೆಯ ಸಲಹೆಗಾರರಿದ್ದಾರೆ, ಮಾಧ್ಯಮ ಸಲಹೆಗಾರರೂ ಇದ್ದಾರೆ. ಅವರ ಸಂಬಳ, ಕಾರು, ಕಚೇರಿ ನಡೆಯುವುದು ಜನರ ತೆರಿಗೆಯಿಂದ. ಅವರು ಯಾವ ಉದ್ಯಮಿ, ಯಾವ ಗುತ್ತಿಗೆದಾರ, ಯಾವ ಚಾನೆಲ್ ಮಾಲೀಕರೊಂದಿಗೆ ಸರ್ಕಾರದ ವಿಷಯ ಮಾತಾಡಿದರು ಎಂಬುದನ್ನು ಮೂರು ತಿಂಗಳಿಗೊಮ್ಮೆ ಸರ್ಕಾರ ತಾನಾಗಿಯೇ ಪ್ರಕಟಿಸಲಿ. ಶಾಸಕರು ಮುಂದಿನ ಅಧಿವೇಶನದಲ್ಲೇ ಇದನ್ನು ಕೇಳಬೇಕು.