ಮೂಟೆಯ ಮೇಲಿನ ನಂಬರು, ಮೆಣಸಿನ ರೇಟು



ನಿಮ್ಮ ಮೆಣಸಿನ ಚೀಲಕ್ಕೆ ಕೈ ಹಾಕಿ, ನಾಲ್ಕು ಕಾಳು ಅಂಗೈಯಲ್ಲಿ ಉರುಳಿಸಿ, "ಏನ್ ಮಾಡೋಣ ಹೇಳಿ, ಹೊರಗಿನ ಮಾಲು ಬಂದು ಬಿದ್ದಿದೆ, ರೇಟಿಲ್ಲ" ಅಂತ ಮಂಡಿ ಸಾಹುಕಾರ ಹೇಳಿದ್ದನ್ನು ನೀವೂ ಕೇಳಿದ್ದೀರಿ, ನಾನೂ ಕೇಳಿದ್ದೇನೆ. ತಲೆ ತಗ್ಗಿಸಿ ಚೀಟಿ ತಗೊಂಡು ಬಸ್ಸು ಹತ್ತಿದ್ದೇವೆ. ಆ ಹೊರಗಿನ ಮಾಲು ಯಾವ ದಾರಿಯಲ್ಲಿ ಬಂತು, ಎಷ್ಟು ಸುಂಕ ಕಟ್ಟಿ ಬಂತು ಅಂತ ನಮ್ಮಲ್ಲಿ ಒಬ್ಬರಾದರೂ ಕೇಳಿದ್ದುಂಟೆ? ಈ ತಿಂಗಳು ಅದನ್ನೇ ಕೇಳೋಣ. ವಿಷಯ ಸ್ವಲ್ಪ ಒಣಗಲು. ಆದರೂ ಓದಿ, ನಮ್ಮ ಸಾಲದ ಲೆಕ್ಕ ಇದರಲ್ಲೇ ಸಿಕ್ಕಿಕೊಂಡಿದೆ.

2016ರ ಸುಮಾರಿಗೆ ಕಿಲೋಗೆ 700 ರೂಪಾಯಿ ಕಂಡಿದ್ದ ಕಾಳುಮೆಣಸು 2019-20ರ ಹೊತ್ತಿಗೆ 300ರ ಆಸುಪಾಸಿಗೆ ಬಿತ್ತು. ಆ 700 ನಂಬಿಕೊಂಡು ನಾನು ಅಡಿಕೆ ಮರಕ್ಕೆಲ್ಲ ಬಳ್ಳಿ ಹಬ್ಬಿಸಿದೆ, ಬ್ಯಾಂಕಿನಲ್ಲಿ ಸಾಲ ಎತ್ತಿದೆ, ಸಾಲದ್ದಕ್ಕೆ ಮನೆಯವಳ ಸರವನ್ನೂ ಅಡವಿಟ್ಟೆ. ಬಳ್ಳಿ ಫಲಕ್ಕೆ ಬರಲು ಮೂರು ನಾಲ್ಕು ವರ್ಷ ಬೇಕು. ಫಲ ಬಂತು, ಬೆಲೆ ಹೋಗಿತ್ತು. ಮೈಲುತುತ್ತದ ಬೆಲೆಯಾಗಲಿ, ಏಣಿ ಹತ್ತಿ ಕೊಯ್ಯುವವನ ಕೂಲಿಯಾಗಲಿ ಒಂದು ಕಾಸೂ ಇಳಿಯಲಿಲ್ಲ. ಈಚಿನ ವರ್ಷಗಳಲ್ಲಿ ಬೆಲೆ ಮತ್ತೆ ಏರಿದ್ದು ನಿಜ. ಏರುವ ಹೊತ್ತಿಗೆ ಸರ ಹರಾಜಾಗಿತ್ತು.

ಒಂದು ಮಾತು ನೇರ ಹೇಳಿಬಿಡುತ್ತೇನೆ. ಲೋಕದಲ್ಲಿ ಎಲ್ಲರಿಗಿಂತ ಹೆಚ್ಚು ಮೆಣಸು ಬೆಳೆಯುವ ದೇಶ ವಿಯೆಟ್ನಾಂ. ಅಲ್ಲಿ ಬೆಳೆ ಹೆಚ್ಚಾಯಿತು, ಎಲ್ಲ ಕಡೆ ಬೆಲೆ ಬಿತ್ತು. ಅದಕ್ಕೆ ಅಲ್ಲಿಯ ರೈತನನ್ನು ಬೈದು ಫಲವಿಲ್ಲ. ನನ್ನ ಪ್ರಶ್ನೆ ಬೇರೆ. ಹೊರಗೆ ಬಿದ್ದ ಬೆಲೆ ನೇರ ನಮ್ಮ ಕಣಕ್ಕೆ ಬರಬಾರದು ಅಂತಲೇ ಸರ್ಕಾರ ನೂರಕ್ಕೆ 70 ಆಮದು ಸುಂಕ ಇಟ್ಟಿತ್ತಲ್ಲ, ಆ ಗೋಡೆ ಏನಾಯಿತು?

ಗೋಡೆ ಇದೆ. ಅದಕ್ಕೆ ಬಾಗಿಲುಗಳೂ ಇವೆ. ಮಂಗಳೂರು ಬಂದರಿನಲ್ಲಿ ಸರಕು ಬಿಡಿಸುವ ಆಫೀಸಿನಲ್ಲಿ ನನ್ನ ತಂಗಿಯ ಮಗ ಗುಮಾಸ್ತ. ಹೋದ ಸಲ ಹಬ್ಬಕ್ಕೆ ಬಂದಾಗ ಜಗಲಿಯಲ್ಲಿ ಕೂತು ಹೇಳಿದ: "ಮಾವ, ನೀವು ಕಾಳು ನೋಡಿ ರೇಟು ಹೇಳ್ತೀರಿ. ಅಲ್ಲಿ ಕಾಳು ಆಮೇಲೆ. ಮೊದಲು ಎರಡು ಕಾಗದ ನೋಡ್ತಾರೆ. ಮಾಲಿನ ನಂಬರು ಯಾವುದು, ಬೆಳೆದ ದೇಶ ಯಾವುದು, ಅಷ್ಟೇ."

ದೇಶದ್ದು ಮೊದಲು ನೋಡೋಣ. ಯಾವ ಒಪ್ಪಂದವೂ ಇಲ್ಲದ ದೇಶದಿಂದ ಮೆಣಸು ಬಂದರೆ ನೂರಕ್ಕೆ 70. ಆಗ್ನೇಯ ಏಷ್ಯಾದ ಆಸಿಯಾನ್ ದೇಶಗಳ ಜೊತೆ 2009ರಲ್ಲಿ ಸಹಿಯಾಗಿ 2010ರ ಜನವರಿಯಿಂದ ಜಾರಿಗೆ ಬಂದ ಒಪ್ಪಂದದಲ್ಲಿ ಮೆಣಸನ್ನು ವಿಶೇಷ ಪದಾರ್ಥ ಅಂತ ಸೇರಿಸಿ, ಸುಂಕವನ್ನು ಮೆಲ್ಲಮೆಲ್ಲಗೆ 50ಕ್ಕೆ ಇಳಿಸಿದರು. ವಿಯೆಟ್ನಾಂ ಈ ಗುಂಪಿನದು. ಶ್ರೀಲಂಕಾದ ಜೊತೆ 1998ರಲ್ಲಿ ಸಹಿಯಾಗಿ 2000ದಲ್ಲಿ ಜಾರಿಗೆ ಬಂದ ಒಪ್ಪಂದದಡಿ ವರ್ಷಕ್ಕೆ 2,500 ಟನ್ ಮೆಣಸು ಸುಂಕವೇ ಇಲ್ಲದೆ ಬರಬಹುದು. ಅದು ಮುಗಿದರೆ ಸಾರ್ಕ್ ದೇಶಗಳ ಸಾಫ್ಟಾ ಒಪ್ಪಂದವಿದೆ, 2006ರದ್ದು. ಅದರಲ್ಲಿ ಶ್ರೀಲಂಕಾ ಮೆಣಸಿಗೆ ನೂರಕ್ಕೆ 8.

ಈಗ ಪೆನ್ಸಿಲ್ ತಗೊಳ್ಳಿ. ಬಿಲ್ಲಿನಲ್ಲಿ ಕಿಲೋಗೆ 500 ರೂಪಾಯಿ ಬರೆದ ಮೆಣಸು ವಿಯೆಟ್ನಾಂ ಹೆಸರಿನಲ್ಲಿ ಬಂದರೆ ಸುಂಕ 250. ಅದೇ ಮೆಣಸು ಶ್ರೀಲಂಕಾದ ಹೆಸರಿನಲ್ಲಿ ಬಂದರೆ 40. ಹತ್ತು ಟನ್ನಿಗೆ 21 ಲಕ್ಷ ರೂಪಾಯಿ ವ್ಯತ್ಯಾಸ. ಕಾಳು ಅದೇ, ಚೀಲ ಬೇರೆ. ಇಷ್ಟು ದುಡ್ಡು ಬರೀ ಚೀಲ ಬದಲಾಯಿಸಿದರೆ ಸಿಗುವುದಾದರೆ ಚೀಲ ಬದಲಾಯಿಸದೆ ಇರುವ ವ್ಯಾಪಾರಿ ಯಾವ ಸೀಮೆಯವನು?

2017ರಲ್ಲಿ ಕೊಡಗಿನ ಬೆಳೆಗಾರರು ಬೀದಿಗಿಳಿದು ಕೂಗಿದ್ದು ಇದನ್ನೇ. ಆ ವರ್ಷದ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕನಿಷ್ಠ ಆಮದು ಬೆಲೆ ಕಿಲೋಗೆ 500 ಅಂತ ಗೊತ್ತು ಮಾಡಿತು. 2018ರ ಮಾರ್ಚಿನಲ್ಲಿ, ಅದಕ್ಕಿಂತ ಕಡಿಮೆ ಬೆಲೆಯದನ್ನು ತರುವುದೇ ನಿಷೇಧ ಅಂತ ಬಿಗಿ ಮಾಡಿತು. ನಾವೆಲ್ಲ ಖುಷಿಪಟ್ಟೆವು. ಆದರೆ ನೀವು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುತ್ತಾರೆ. ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ, ನಿಜವಾದ ಬೆಲೆ 300. ಬಿಲ್ಲು 500ಕ್ಕೆ ಬರೆಸುತ್ತಾರೆ. ಸುಂಕ ನೂರಕ್ಕೆ 50 ಇದ್ದರೆ ಈ ಸುಳ್ಳಿಗೆ 250 ತೆರಬೇಕು, ಮಾಲು 550ಕ್ಕೆ ಬೀಳುತ್ತದೆ, ಯಾರೂ ಆ ಸುಳ್ಳು ಹೇಳುವುದಿಲ್ಲ. ಸುಂಕ ನೂರಕ್ಕೆ 8 ಇದ್ದರೆ? 40 ರೂಪಾಯಿ ಕಟ್ಟಿದರೆ ಆಯಿತು. ಮಾಲು 340ಕ್ಕೆ ಮನೆ ಸೇರಿತು, ಬಿಲ್ಲಿನಲ್ಲಿ ಹೆಚ್ಚಿಗೆ ಬರೆದ 200 ಇನ್ನೊಂದು ದಾರಿಯಲ್ಲಿ ವಾಪಸು. ಅಂದಮೇಲೆ 500ರ ಗೋಡೆ ನಿಲ್ಲುವುದು ದೇಶದ ಕಾಗದ ಸರಿಯಾಗಿದ್ದರೆ ಮಾತ್ರ.

ಇನ್ನು ನಂಬರಿನ ಕಥೆ. ಸುಂಕದ ಪಟ್ಟಿಯಲ್ಲಿ ಕಾಳುಮೆಣಸು 0904ರ ಕೆಳಗೆ ಬರುತ್ತದೆ. ಇಡೀ ಕಾಳಿಗೆ 0904 11, ಪುಡಿಗೆ 0904 12. ಒಣಮೆಣಸಿನಕಾಯಿಯೂ ಇದೇ 0904ರ ಮನೆಯಲ್ಲೇ ಇದೆ, ಬ್ಯಾಡಗಿ ಕಡೆಯವರು ಗಮನಿಸಿ. ಶುಂಠಿ, ಅರಿಶಿನ 0910. ಮೆಣಸಿಗೆ ಅರಿಶಿನ ಬೆರೆಸಿದರೆ ಆ ಮಿಶ್ರಣವೂ 0910. ಆದರೆ ಉಪ್ಪು, ಹಿಟ್ಟು, ಇನ್ನೇನೋ ಸೇರಿಸಿ ಸಾಂಬಾರ ಪದಾರ್ಥದ ಗುಣವೇ ಹೋಗಿ ಅಡುಗೆಗೆ ಉದುರಿಸುವ ಮಸಾಲೆಯಾದರೆ ಅದು 2103. ಮೆಣಸಿಗೆ ಹಾಕಿದ 500ರ ಬೇಲಿ 2103ಕ್ಕೆ ಇಲ್ಲ, ಸುಂಕವೂ ಮೆಣಸಿಗಿಂತ ಬಹಳ ಕಡಿಮೆ. ಹಾಗಂತ ಮೆಣಸಿನ ಪುಡಿಗೆ ಒಂದು ಚಿಟಿಕೆ ಉಪ್ಪು ಹಾಕಿದ ಕೂಡಲೇ ಅದು 2103 ಆಗುವುದಿಲ್ಲ. ಮುಖ್ಯ ಗುಣ ಮೆಣಸಿನದೇ ಉಳಿದಿದ್ದರೆ ಅದು ಮೆಣಸೇ, ಕಾನೂನು ಹಾಗೆ ಹೇಳುತ್ತದೆ. ಉಳಿದಿದೆಯೋ ಇಲ್ಲವೋ ಅಂತ ಹೇಳಬೇಕಾದವರು ಬಂದರಿನ ಅಧಿಕಾರಿ ಮತ್ತು ಪ್ರಯೋಗಶಾಲೆ. ನಮ್ಮ ಮನೆಯ ಹೆಂಗಸರು ಮೂಸಿ ಹೇಳುತ್ತಿದ್ದರು, ಅವರನ್ನು ಯಾರು ಕೇಳುತ್ತಾರೆ!

ದೇಶದ ಕಾಗದಕ್ಕೂ ಈ ನಂಬರೇ ಆಧಾರ. ಶ್ರೀಲಂಕಾದ ಮಾಲು ಅಂತ ರಿಯಾಯಿತಿ ಸಿಗಬೇಕಾದರೆ ಅಲ್ಲೇ ಬೆಳೆದು ಕೊಯ್ದದ್ದಾಗಿರಬೇಕು. ಹೊರಗಿನ ಮಾಲು ತಂದು ಏನಾದರೂ ತಯಾರಿಸಿದ್ದಾದರೆ ಬೆಲೆಯಲ್ಲಿ ನೂರಕ್ಕೆ 35 ಅಲ್ಲಿ ಸೇರಿರಬೇಕು, ಮೊದಲ ನಾಲ್ಕು ಅಂಕಿಯ ನಂಬರೂ ಬದಲಾಗಿರಬೇಕು. ವಿಯೆಟ್ನಾಂ ಕಾಳನ್ನು ಕೊಲಂಬೊದಲ್ಲಿ ಬೀಸಿದರೆ 0904 ಹಾಗೇ ಇರುತ್ತದೆ, ರಿಯಾಯಿತಿ ಇಲ್ಲ. ಧೂಳು ಕೇರಿ, ಬೇರೆ ಚೀಲಕ್ಕೆ ಸುರಿದು ಹೊಲಿದರೂ ಇಲ್ಲ. ಸುಮ್ಮನೆ ಬೆರೆಸಿದ ಮಾತ್ರಕ್ಕೂ ಇಲ್ಲ. ಕಾನೂನು ಕುರುಡಾಗಿಲ್ಲ ಬಂಧುಗಳೇ, ನೋಡುವವರು ಕಣ್ಣು ಬಿಡಬೇಕು.

2020ರ ಸೆಪ್ಟೆಂಬರ್ 21ರಿಂದ ಇನ್ನೊಂದು ನಿಯಮ ಬಂದಿದೆ. ರಿಯಾಯಿತಿ ಸುಂಕ ಕೇಳುವ ಆಮದುದಾರ ಬರೀ ಸರ್ಟಿಫಿಕೇಟು ತೋರಿಸಿದರೆ ಸಾಲದು. ಮಾಲು ಅಲ್ಲಿಯದೇ ಅನ್ನುವುದಕ್ಕೆ ವಿವರ ತನ್ನ ಬಳಿ ಇಟ್ಟುಕೊಂಡಿರಬೇಕು, ಐದು ವರ್ಷ ಕಾಪಾಡಬೇಕು, ಕೇಳಿದಾಗ ಕೊಡಬೇಕು. ಕೊಡದಿದ್ದರೆ ರಿಯಾಯಿತಿ ನಿಲ್ಲಿಸಬಹುದು. ಒಳ್ಳೆಯ ನಿಯಮ. ನಾವು ಬೆಳೆಸಾಲಕ್ಕೆ ಹೋದಾಗ ಪಹಣಿ ತಾ, ಋಣಭಾರ ಪತ್ರ ತಾ ಅಂತ ಹತ್ತು ಸಲ ಅಲೆಸುತ್ತಾರಲ್ಲ, ಅದರ ಅರ್ಧದಷ್ಟು ಶ್ರದ್ಧೆ ಬಂದರಿನಲ್ಲಿ ತೋರಿಸಿದರೂ ಸಾಕು.

ಶ್ರೀಲಂಕಾದ ಬೆಳೆಗಾರ ನಮ್ಮ ವೈರಿ ಅಂತ ತಿಳಿಯಬೇಡಿ. ಹೊರಗಿನ ಮೆಣಸು ಅವನ ಹೆಸರಿನಲ್ಲಿ ಮಾರಿಹೋದರೆ ಅವನ ಮಾಲಿಗೂ ಬೆಲೆಯಿಲ್ಲ. 2019ರ ಡಿಸೆಂಬರಿನಲ್ಲಿ ಅಲ್ಲಿಯ ಸರ್ಕಾರವೇ ಮೆಣಸು, ಅಡಿಕೆ ಮೊದಲಾದವನ್ನು ಹೊರಗಿಂದ ತರಿಸಿ ಮತ್ತೆ ರಫ್ತು ಮಾಡುವುದಕ್ಕೆ ತಡೆ ಹಾಕಿತು. ಅಡಿಕೆಯೂ ಆ ಪಟ್ಟಿಯಲ್ಲಿತ್ತು ಅನ್ನುವುದನ್ನು ತೋಟದವರು ನೆನಪಿಡಿ. ಅದರ ಕಥೆ ಬೇರೆಯೇ ಬರೆಯಬೇಕು.

ನಾವು ಕೇಳಬೇಕಾದ್ದು ದೊಡ್ಡದೇನಲ್ಲ. 2,500 ಟನ್ನಿನಲ್ಲಿ ಎಷ್ಟು ಬಂತು, ಸಾಫ್ಟಾದ ಬಾಗಿಲಲ್ಲಿ ಎಷ್ಟು ಬಂತು, ಯಾವ ಬಂದರಿಗೆ ಬಂತು ಅಂತ ತಿಂಗಳು ತಿಂಗಳು ಎಪಿಎಂಸಿ ಬೋರ್ಡಿನ ಮೇಲೆ ಹಾಕಲಿ. ಎಷ್ಟು ಸರಕಿನ ಮೂಲ ವಿಚಾರಿಸಿದರು, ಎಷ್ಟಕ್ಕೆ ರಿಯಾಯಿತಿ ತಪ್ಪಿಸಿದರು ಅನ್ನುವುದನ್ನೂ ಹಾಕಲಿ. ನಮ್ಮ ಊರಿನ ಸೊಸೈಟಿಯ ಸರ್ವಸದಸ್ಯರ ಸಭೆಯಲ್ಲಿ ಈ ಠರಾವು ಮಂಡಿಸುತ್ತಿದ್ದೇನೆ. ನಿಮ್ಮ ಸೊಸೈಟಿಯಲ್ಲೂ ಮಾಡಿ. ಠರಾವಿನ ನಕಲನ್ನು ಸ್ಪೀಡ್ ಪೋಸ್ಟಿನಲ್ಲಿ ಸಂಸತ್ ಸದಸ್ಯರಿಗೆ ಕಳಿಸಿ, ಇನ್ನೊಂದು ನಕಲು ನಮ್ಮ ಪತ್ರಿಕೆಗೆ ಕಳಿಸಿ. ಸಂಸತ್ತಿನಲ್ಲಿ ಪ್ರಶ್ನೆ ಕೇಳಿದವರು ಯಾರು, ಕಾಗದ ಮಡಚಿ ಜೇಬಿಗಿಟ್ಟವರು ಯಾರು ಅಂತ ಬರುವ ಸಂಚಿಕೆಗಳಲ್ಲಿ ಹೆಸರು ಹಾಕಿ ಅಚ್ಚು ಮಾಡುತ್ತೇವೆ.