ಕ್ಷೇತ್ರಕಾರ್ಯವೊಂದೇ ಸಾಕೆ?

ಸಮಾಜಕಾರ್ಯ ಓದುವವರಿಗೆ ಮಕ್ಕಳ ಬೆಳವಣಿಗೆ ಕುರಿತ ಬೌಲ್ಬಿ, ಪಿಯಾಜೆ ಅವರ ಸಿದ್ಧಾಂತಗಳು ಬರೀ ಪರೀಕ್ಷೆಯ ಹೊರೆ, ಕ್ಷೇತ್ರಕಾರ್ಯವೇ ಎಲ್ಲ ಕಲಿಸುತ್ತದೆ ಎಂಬ ವಾದ ಒಪ್ಪುವಂಥದ್ದಲ್ಲ. ಅನುಭವವೊಂದೇ ಕಣ್ಣು ತೆರೆಸುವುದಿಲ್ಲ. ಹಿಂದೆ ಬ್ರಿಟನ್ನಿನ ಆಸ್ಪತ್ರೆಗಳ ದಾದಿಯರಿಗೆ ಅನುಭವಕ್ಕೇನು ಬರವಿತ್ತೆ? ತಾಯಿಯಿಂದ ದೂರವಾಗಿ, ಅತ್ತು ಅತ್ತು ಸುಮ್ಮನಾದ ಮಗು ಹೊಂದಿಕೊಂಡಿತೆಂದೇ ಅವರು ಬಗೆದಿದ್ದರು. ಅದು ಸಮಾಧಾನವಲ್ಲ, ಹತಾಶೆ ಎಂದು ಗುರುತಿಸಿದ್ದು ಬೌಲ್ಬಿಯ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್. ಆಸ್ಪತ್ರೆ ಸೇರಿದ ಎರಡು ವರ್ಷದ ಹುಡುಗಿಯ ಪಾಡನ್ನು ಅವರು 1952ರಲ್ಲಿ ಚಲನಚಿತ್ರವಾಗಿ ತೋರಿಸಿದಾಗ ಅನೇಕ ವೈದ್ಯರು ಸಿಡಿಮಿಡಿಗೊಂಡರು. ಆಸ್ಪತ್ರೆಯಲ್ಲಿರುವ ಮಕ್ಕಳ ಆರೈಕೆ ಕುರಿತ 1959ರ ಪ್ಲಾಟ್ ವರದಿ ಮಾತ್ರ ತಂದೆತಾಯಿಯ ಭೇಟಿಗಿದ್ದ ಹೊತ್ತಿನ ಕಟ್ಟುಪಾಡು ತೆಗೆಯಲು ಶಿಫಾರಸು ಮಾಡಿತು.

ಬೌಲ್ಬಿ ತಾಯಿಯ ಮೇಲೆ ಅತಿಯಾದ ಹೊಣೆ ಹೊರಿಸಿದರೆಂಬ ಆಕ್ಷೇಪ ಉಂಟು. ಅದನ್ನೂ ತರಗತಿಯಲ್ಲೇ ಚರ್ಚಿಸಬೇಕು. ಇದೇನನ್ನೂ ಓದದೆ ಬಾಲಮಂದಿರಕ್ಕೆ ಹೋದ ವಿದ್ಯಾರ್ಥಿ, ಮೂಲೆ ಹಿಡಿದು ಕೂತ ಮಗುವಿನ ಬಗ್ಗೆ ‘ತೊಂದರೆಯಿಲ್ಲ’ ಎಂದು ವರದಿ ಬರೆದು ಬರುತ್ತಾನೆ.