ನೇತ್ರಾಣಿ ಡೈರಿ, ಭಾಗ 3: ಆ ಫೋಟೋ ಯಾಕೆ ಡಿಲೀಟ್ ಮಾಡಿದೆ

ಜಯನಗರ ಗ್ಯಾಂಗ್, ಹೋದ ವಾರ ಹಾಕಿದ್ದ 'ಅಂಗೈಯಲ್ಲಿ ನೀಲಿ ಹುಳು' ಫೋಟೋ ಎಲ್ಲಿ ಅಂತ ಕೇಳ್ತಿದ್ದೀರಲ್ಲ? ನಾನೇ ತೆಗೆದೆ. ನನ್ನ ಪೋಸ್ಟ್‌ಗಳಲ್ಲಿ ಅತಿ ಹೆಚ್ಚು ಲೈಕ್ ಬಂದಿದ್ದು ಅದಕ್ಕೇ, ಹೊಟ್ಟೆ ಉರೀತು ನಿಜ.

ಅದು ಹುಳು ಅಲ್ಲ. ಚಿಪ್ಪು ಕಳಚಿಕೊಂಡ, ಬಸವನಹುಳುವಿನ ನೆಂಟ: ನ್ಯೂಡಿಬ್ರಾಂಕ್. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಬಂಡೆಗಳ ಮೇಲಿರುತ್ತೆ. ಫೋಟೋದಲ್ಲಿದ್ದದ್ದು ಫಿಲಿಡಿಯಾ. ಕಪ್ಪು ಮೈ, ನೀಲಿ ಉಬ್ಬುಗೆರೆ, ಉಬ್ಬಿನ ತುದಿಗೆ ಹಳದಿ, ಅಮ್ಮನ ರೇಷ್ಮೆ ಸೀರೆ ಬಾರ್ಡರ್ ಥರ. ಆ ಬಣ್ಣ 'ಬಾ' ಅನ್ನೋಕಲ್ಲ, 'ಮುಟ್ಟಬೇಡ' ಅನ್ನೋಕೆ. ಸ್ಪಂಜು ತಿಂದು ಅದರ ವಿಷವನ್ನೇ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತೆ, ಮೀನುಗಳು ಬಾಯಿ ಹಾಕೋಕೆ ಹೆದರುತ್ವೆ. ನಾವು ಮಾತ್ರ ಬರ್ತೀವಿ, ಗೋಪ್ರೋ ಹಿಡ್ಕೊಂಡು.

ಅದಕ್ಕೆ ಕಣ್ಣು ಇದ್ದೂ ಇಲ್ಲದ ಹಾಗೆ, ಬೆಳಕು ಕತ್ತಲೆ ಬಿಟ್ಟರೆ ಹೆಚ್ಚೇನೂ ತಿಳಿಯಲ್ಲ. ತಲೆ ಮೇಲಿನ ಎರಡು ಕೊಂಬಿನಿಂದ ವಾಸನೆ ಹಿಡಿದೇ ಊಟ ಹುಡುಕಬೇಕು, ಜೋಡಿನೂ ಹುಡುಕಬೇಕು. ಅಂಥದ್ದನ್ನ ಗೈಡ್ ಎತ್ತಿ ನನ್ನ ಅಂಗೈ ಮೇಲಿಟ್ಟ. ಆಮೇಲೆ ಅದು ಅದೇ ಬಂಡೆಗೆ ವಾಪಸ್ ಸೇರ್ತಾ? ನೋಡಲೇ ಇಲ್ಲ. ಕ್ಯಾಮೆರಾ ನೋಡ್ತಿದ್ದೆ.

'ಒಂದು ಸ್ಲಗ್‌ಗೆ ಇಷ್ಟೊಂದು ಬಿಲ್ಡಪ್ಪಾ' ಅನ್ನೋರಿಗೆ: ಒಂದು ದೋಣಿಗೆ ಎಷ್ಟು ಜನ, ದಿನಕ್ಕೆ ಎಷ್ಟು ದೋಣಿ, ಲೆಕ್ಕ ಹಾಕಿ. ಬಿಕಾಂ ತಾನೇ? ರಜೆಗೆ ಹೋಗೋರು ಫೋಟೋ ಖಂಡಿತ ತೆಗೀರಿ, ಅದು ಬಂಡೆ ಮೇಲಿದ್ದಾಗಲೇ. ಗೈಡ್ ಎತ್ತಿ ಕೊಡೋಕೆ ಬಂದ್ರೆ ಬೆರಳು ಅಡ್ಡ ಆಡಿಸಿ, ನೀರೊಳಗೆ ಬಾಯಿ ಬಿಟ್ಟು 'ಬೇಡ' ಅನ್ನೋಕಂತೂ ಆಗಲ್ಲ.